ಮುಳುಗು, ಮುಳುಗಿಸು, ಮುಳುಗಡೆ: ಒಂದು ಪದವಿಚಾರ

ನೀರಿನೊಳಗೆ ಚಲಿಸುವ ಯುದ್ಧನೌಕೆಗೆ ಕನ್ನಡದಲ್ಲಿ ‘ಜಲಾಂತರ್ಗಾಮಿ’ ಎಂಬ ಹೆಸರು ರೂಢಿಯಲ್ಲಿದೆ. ಜಲ + ಅಂತರ್ ಎಂಬಲ್ಲಿ ಸವರ್ಣದೀರ್ಘ ಸಂಧಿ. ‘ನೀರಿನ ಒಳಗೆ ಹೋಗುವಂಥದು’ ಎಂದು ಅರ್ಥ. ತೆಲುಗಿನಲ್ಲಿಯೂ ಇದೇ ಪದವುಂಟು. ಮರಾಠಿಯಾದರೋ ಪಾಣೀ (ನೀರು), ಬುಡಣೆ (ಮುಳುಗುವುದು) ಎಂಬ ಮನೆಮಾತುಗಳನ್ನೇ ಕೂಡಿಸಿ ‘ಪಾಣಬುಡಿ’ ಎಂದಿತು. ಮೂರು ನುಡಿಗಳೂ ಕಿವಿಗೆ ಬೀಳುವ ನಾರಾಯಣಪೇಟೆಯ ವಿದ್ಯಾರ್ಥಿಗಳಿಗೆ ಈ ಹೋಲಿಕೆ ಸುಲಭವಾಗಿ ತಿಳಿಯುವಂಥದು. ಮೊದಲ ಪದ ಚಲನೆಯನ್ನು ಹೇಳಿದರೆ ಮರಾಠಿಯದು ಮುಳುಗುವಿಕೆಯನ್ನು ಹೇಳುತ್ತದೆ.

ಮುಳುಗುವುದೆಂದರೆ ಬೇರೆ ಹಡಗುಗಳಿಗೆ ನಾಶ; ಜಲಾಂತರ್ಗಾಮಿಗೆ ನಿತ್ಯದ ಕೆಲಸ. ಆದುದರಿಂದ ‘ಜಲಾಂತರ್ಗಾಮಿ ಮುಳುಗಿತು’ ಎಂಬ ವಾಕ್ಯಕ್ಕೆ ಎರಡು ಅರ್ಥಗಳು ಹೊರಡುತ್ತವೆ. ಪಾಕಿಸ್ತಾನದ ‘ಗಾಜಿ’ಯ ಪ್ರಸಂಗ ಇನ್ನೂ ಸೂಕ್ಷ್ಮವಾದುದು. 1971ರ ಡಿಸೆಂಬರ್ 3–4ರ ನಡುವಣ ರಾತ್ರಿ ಅದು ವಿಶಾಖಪಟ್ಟಣದ ಬಳಿ 90ಕ್ಕೂ ಹೆಚ್ಚು ನಾವಿಕರೊಡನೆ ಕಡಲತಳ ಸೇರಿತು, ಒಬ್ಬರೂ ಉಳಿಯಲಿಲ್ಲ. ಐಎನ್‌ಎಸ್ ರಜಪೂತ್ ಅದನ್ನು ಮುಳುಗಿಸಿತು ಎಂಬುದು ಭಾರತದ ನಿಲುವು. ಆಕಸ್ಮಿಕ ಸ್ಫೋಟದಿಂದ ಅದು ಮುಳುಗಿತು ಎಂಬುದು ಪಾಕಿಸ್ತಾನದ ನಿಲುವು. ‘ಮುಳುಗಿಸು’ ಸಕರ್ಮಕ, ‘ಮುಳುಗು’ ಅಕರ್ಮಕ. ನೌಕಾಪಡೆಯ ಮುಳುಗುತಜ್ಞರು ಅವಶೇಷದ ಬಳಿಗೆ ಇಳಿದು ನೋಡಿ ಬಂದರು. ವಿವಾದ ಮಾತ್ರ ಮುಗಿಯಲಿಲ್ಲ. ‘ಇಸು’ ಎಂಬ ಒಂದು ಪ್ರತ್ಯಯದ ಅಂತರದಲ್ಲಿ ಎರಡು ದೇಶಗಳ ಇತಿಹಾಸ ನಿಂತಿದೆ.

ಮೂರನೆಯ ರೂಪ ‘ಮುಳುಗಡೆ’. ‘ಬಿಡುಗಡೆ’ಯಂತೆ ಇದೂ ಕೃದಂತ ಭಾವನಾಮ. ಕೃಷ್ಣೆಯ ಆಸುಪಾಸಿನ ಮಕ್ತಲ್, ಗದ್ವಾಲ ಸೀಮೆಯವರಿಗೆ ಇದು ಬರಿಯ ನಿಘಂಟಿನ ಪದವಲ್ಲ. ಶ್ರೀಶೈಲ ಜಲಾಶಯದಲ್ಲಿ ಮುಳುಗಡೆಯಾಗಲಿದ್ದ ಕೂಡಲಿ ಸಂಗಮೇಶ್ವರ ಗುಡಿಯ ಕಲ್ಲುಗಳನ್ನು ಬಿಚ್ಚಿ ತಂದು ಆಲಂಪುರದಲ್ಲಿ ಮರಳಿ ಕಟ್ಟಲಾಯಿತು. ಊರುಗಳನ್ನು ಹಾಗೆ ಬಿಚ್ಚಿ ಕಟ್ಟಲಾಗದು. ‘ಊರು ಮುಳುಗಡೆಯಾಯಿತು’ ಎಂದಾಗ ಕರ್ತೃವಿಗೆ ಎಡೆಯೇ ಇಲ್ಲ. ಊರು ತಾನಾಗಿಯೇ ನೀರಿಗಿಳಿಯಿತೋ ಎಂಬಂತೆ ವಾಕ್ಯ ಮುಗಿಯುತ್ತದೆ. ‘ಊರನ್ನು ಮುಳುಗಿಸಿದರು’ ಎಂದೊಡನೆ ‘ಯಾರು? ಏತಕ್ಕಾಗಿ?’ ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಗೆ ನೀರಾವರಿ, ವಿದ್ಯುತ್ತು ಎಂಬ ಉತ್ತರಗಳೂ ಇವೆ. ಆದರೆ ಉತ್ತರ ಬರಬೇಕಾದರೆ ಮೊದಲು ಪ್ರಶ್ನೆ ಹುಟ್ಟಬೇಕು.

ವ್ಯಾಕರಣವನ್ನು ಅಂಕಗಳಿಗಾಗಿ ಮಾತ್ರ ಓದುವವರು ಇದನ್ನು ಗಮನಿಸಬೇಕು. ಕರ್ತೃಪದವನ್ನು ಹುಡುಕುವುದೆಂದರೆ ಹೊಣೆಗಾರರನ್ನು ಹುಡುಕುವುದೂ ಹೌದು.

ಅಭ್ಯಾಸ: ಒಂದು ದಿನದ ಪತ್ರಿಕೆಯಿಂದ ಕರ್ತೃ ಮರೆಯಾದ ಐದು ವಾಕ್ಯಗಳನ್ನು ಆರಿಸಿ, ಕರ್ತೃಪದ ಸೇರಿಸಿ ಬರೆಯಿರಿ. ಅರ್ಥದಲ್ಲಿ ಆದ ವ್ಯತ್ಯಾಸವನ್ನು ವಿವರಿಸಿರಿ.