ಯಳಂದೂರಿನಿಂದ ಬೆಂಗಳೂರಿಗೆ: ಮೊದಲು ನೀರು ಕೇಳಿ

ಕೆಲಸ ಸಿಕ್ಕಿ ಬೆಂಗಳೂರಿಗೆ ಹೊರಟ ನಮ್ಮೂರ ಹುಡುಗ ಹುಡುಗಿಯರು ಬಾಡಿಗೆ ಎಷ್ಟಾಗುತ್ತದೆ ಎಂದು ವಿಚಾರಿಸುತ್ತಾರೆ. ಅದಕ್ಕೂ ಮೊದಲು ನೀರು ಯಾವುದು ಅಂತ ಕೇಳಿ ಎನ್ನುತ್ತೇನೆ ನಾನು.

ಯಳಂದೂರಿಗೂ ರೈಲಿಲ್ಲ, ಕೊಳ್ಳೇಗಾಲಕ್ಕೂ ಇಲ್ಲ. ಕೊಳ್ಳೇಗಾಲ, ಮಳವಳ್ಳಿ, ಹಲಗೂರು, ಕನಕಪುರ ಹಾದು ಸುಮಾರು 150 ಕಿ.ಮೀ. ಬಸ್ಸಿನ ದಾರಿಯೇ ನಮ್ಮದು. ಬೆಂಗಳೂರು ಕುಡಿಯುವ ಕಾವೇರಿಯೂ ಹೆಚ್ಚುಕಮ್ಮಿ ಇದೇ ದಾರಿ ಹಿಡಿಯುತ್ತಾಳೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾದ ನೀರನ್ನು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪು ಮಾಡಿ ಮೇಲಕ್ಕೆ ಹತ್ತಿಸುತ್ತಾರೆ. ಆದರೆ ಕೊಳವೆ ಹಾದುಹೋದ ಊರಿನ ನಲ್ಲಿಗೆಲ್ಲ ಆ ನೀರು ಬರುವುದಿಲ್ಲ. ಹೊರವಲಯದ ಎಷ್ಟೋ ಬಡಾವಣೆಗಳಿಗೆ ಬೋರ್‌ವೆಲ್ಲೇ ಗತಿ. ಅದು ಬತ್ತಿದರೆ ಟ್ಯಾಂಕರ್. ನನ್ನ ಮೊದಲ ಮನೆಯ ಓನರು ನೀರಿಗೆ ಕೊರತೆಯೇ ಇಲ್ಲ ಎಂದಿದ್ದರು. ಮಾರ್ಚಿ ಬಂದಾಗ ದಿನಕ್ಕೆ ಎರಡು ಬಿಂದಿಗೆ ಲೆಕ್ಕ, ಜೊತೆಗೆ ಟ್ಯಾಂಕರಿನ ಪಾಲು. ಸುವರ್ಣಾವತಿ ದಂಡೆಯಲ್ಲಿ ಬೆಳೆದವನಿಗೆ ಅದು ಸಂಕಟವೇ. ಹಾಗಾಗಿ ಮನೆ ನೋಡಲು ಹೋದಾಗ ಓನರನ್ನಲ್ಲ, ಪಕ್ಕದ ಬಾಡಿಗೆಯವರನ್ನು ಕೇಳಿ: ಕಾವೇರಿ ವಾರಕ್ಕೆ ಎಷ್ಟು ದಿನ? 2024ರ ಬೇಸಿಗೆಯಲ್ಲಿ ನೀರಿಗೆ ಬರ ಬಂದಾಗ ಏನು ಮಾಡಿದಿರಿ?

ಅಡ್ವಾನ್ಸ್ ಹತ್ತು ತಿಂಗಳ ಬಾಡಿಗೆ ಎನ್ನುವುದು ಇಲ್ಲಿಯ ಹಳೆಯ ರೂಢಿ. ಚೌಕಾಸಿ ಮಾಡಿದರೆ ಇಳಿಯುತ್ತದೆ, ನಾಚಬೇಡಿ. 11 ತಿಂಗಳ ಕರಾರು ಬರೆಸಿಕೊಳ್ಳಿ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ಬಿಡುವಾಗ ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ ಎಂಬುದೂ ಕಾಗದದಲ್ಲಿರಲಿ. ಬಾಡಿಗೆ ಉಳಿಯುತ್ತದೆಂದು ಭೋಗ್ಯಕ್ಕೆ ಹೋಗುವವರಿದ್ದಾರೆ. ಆ ಮನೆಯ ಮೇಲೆ ಬ್ಯಾಂಕಿನ ಸಾಲವಿದೆಯೇ ಎಂದು ನೋಡದೆ ಅಪ್ಪ ಹೊಲ ಮಾರಿ ತಂದ ದುಡ್ಡನ್ನು ದಯವಿಟ್ಟು ಹಾಕಬೇಡಿ. ಮೊದಲ ಎರಡು ತಿಂಗಳು ಪಿಜಿಯಲ್ಲಿದ್ದು, ಆಫೀಸಿನ ದಾರಿ ಅರಿತ ಮೇಲೆ ಮನೆ ಹುಡುಕುವುದು ಇನ್ನೂ ಒಳ್ಳೆಯದು.

ನನ್ನನ್ನು ಕೇಳಿದರೆ ಕನಕಪುರ ರಸ್ತೆಯ ಆಸುಪಾಸೇ ನಮಗೆ ಅನುಕೂಲ. 2021ರ ಜನವರಿಯಿಂದ ಹಸಿರು ಮಾರ್ಗದ ಮೆಟ್ರೊ ರೇಷ್ಮೆ ಸಂಸ್ಥೆಯವರೆಗೆ ಬಂದಿದೆ. ಊರಿನ ಬಸ್ಸು ಅಲ್ಲಿ ನಿಲ್ಲಿಸುವುದಾದರೆ ಇಳಿದುಬಿಡಿ. ಮೆಜೆಸ್ಟಿಕ್‌ವರೆಗೆ ಟ್ರಾಫಿಕ್ಕಿನಲ್ಲಿ ಕೂರುವುದು ತಪ್ಪುತ್ತದೆ. ಹೆಣ್ಣುಮಕ್ಕಳು ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಇಟ್ಟುಕೊಳ್ಳಿ: ಉಚಿತ ಪ್ರಯಾಣದ ಶಕ್ತಿ ಯೋಜನೆ ಊರಿನ ಸಾಮಾನ್ಯ ಬಸ್ಸಿಗೂ ಬಿಎಂಟಿಸಿಗೂ ಉಂಟು, ಮೆಟ್ರೊಗೆ ಇಲ್ಲ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಬಾಡಿಗೆಯವರಿಗೂ ಸಿಗುತ್ತದೆ. ಹಿಂದಿನ ಬಾಡಿಗೆಯವರ ಹೆಸರು ಮನೆಯ ಮೀಟರಿಗೆ ಜೋಡಿಸಿದ್ದರೆ ಮೊದಲು ತೆಗೆಸಬೇಕು.

ಆಫೀಸಿನಲ್ಲಿ ನಮ್ಮ ಮಾತಿನ ರಾಗ ಕೇಳಿ ಯಾರಾದರೂ ನಕ್ಕರೆ ದೇವನೂರ ಮಹಾದೇವರ ‘ಕುಸುಮಬಾಲೆ’ ಓದಲು ಕೊಡಿ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಆ ಕಾದಂಬರಿ ನಮ್ಮ ಸೀಮೆಯ ನುಡಿಯಲ್ಲೇ ಇದೆ.

ಹಬ್ಬಕ್ಕೆ ಊರಿಗೆ ಹೊರಡುವಾಗ ಒಂದು ಎಚ್ಚರ. ಶಿವರಾತ್ರಿ, ಯುಗಾದಿ, ದೀಪಾವಳಿ, ಅಮಾವಾಸ್ಯೆಗಳಲ್ಲಿ ಕೊಳ್ಳೇಗಾಲದ ಬಸ್ಸೆಲ್ಲ ಮಾದಪ್ಪನ ಬೆಟ್ಟಕ್ಕೆ ಹೊರಟವರಿಂದ ತುಂಬಿರುತ್ತದೆ. ಹಿಂದಿನ ದಿನ ಬೆಳಗ್ಗೆಯೇ ಹೊರಡಿ.