ಇ-ಮೇಲ್ ಕಳುಹಿಸುವಾಗ ಬರುವ ದೋಷಗಳು ಮತ್ತು ಆಂಟಿವೈರಸ್ ತಂತ್ರಾಂಶ

ನೂಲು ಖರೀದಿಯ ಆದೇಶವೊಂದನ್ನು ಇ-ಮೇಲ್ ಮೂಲಕ ಕಳುಹಿಸುತ್ತೇವೆ. ಸರ್ವರಿನಿಂದ ಉತ್ತರ ಬಂದಿಲ್ಲ, ಕಾಲಾವಧಿ ಮೀರಿದೆ ಎಂಬ ಅರ್ಥದ ಸೂಚನೆ ಪರದೆಯ ಮೇಲೆ ಮೂಡುತ್ತದೆ. ಪತ್ರ ಔಟ್‌ಬಾಕ್ಸಿನಲ್ಲಿಯೇ ಉಳಿದಿರುತ್ತದೆ. ಗುಮಾಸ್ತರು ಮತ್ತೊಮ್ಮೆ ಕಳುಹಿಸುತ್ತಾರೆ. ಪುನಃ ಅದೇ ಸೂಚನೆ. ಆದರೆ ನೂಲಿನ ವ್ಯಾಪಾರಿಗೆ ಆ ಪತ್ರ ಎರಡೂ ಬಾರಿ ತಲುಪಿರುವ ಸಾಧ್ಯತೆಯುಂಟು. ಅವರು ಅವೆರಡನ್ನೂ ಪ್ರತ್ಯೇಕ ಆದೇಶಗಳೆಂದು ಭಾವಿಸಿ ಮಾಲು ರವಾನಿಸಿದರೆ, ಹಿಂದಿರುಗಿಸುವ ಬಾಡಿಗೆಯನ್ನು ಯಾರು ಭರಿಸಬೇಕೆಂಬ ವಿವಾದಕ್ಕೆ ಅಲ್ಲಿಯೇ ಬೀಜ ಬಿತ್ತಿದಂತಾಗುತ್ತದೆ. ಇಂತಹ ಸಂದರ್ಭದಲ್ಲಿ ನಾವು ಮೊದಲು ದೂರುವುದು ಇಂಟರ್‌ನೆಟ್ ಸೇವೆ ಒದಗಿಸುವವರನ್ನು. ಅನೇಕ ವೇಳೆ ದೋಷವಿರುವುದು ನಾವೇ ಹಣ ಕೊಟ್ಟು ಹಾಕಿಸಿಕೊಂಡ ಆಂಟಿವೈರಸ್ ತಂತ್ರಾಂಶದಲ್ಲಿ.

ಔಟ್‌ಲುಕ್, ಥಂಡರ್‌ಬರ್ಡ್ ಮೊದಲಾದ ತಂತ್ರಾಂಶಗಳ ಮೂಲಕ ಪತ್ರ ವ್ಯವಹಾರ ನಡೆಸುವವರಿಗೆ ಮಾತ್ರ ಈ ವಿಚಾರ ಅನ್ವಯಿಸುತ್ತದೆ. ಬ್ರೌಸರಿನಲ್ಲಿಯೇ ಪತ್ರ ಓದುವವರಿಗೆ ಈ ತೊಡಕಿಲ್ಲ.

ಅನೇಕ ಆಂಟಿವೈರಸ್‌ಗಳಲ್ಲಿ ಇ-ಮೇಲ್ ಪರಿಶೀಲನೆಗೆಂದೇ ಒಂದು ಪ್ರತ್ಯೇಕ ಭಾಗವಿರುತ್ತದೆ. ಅದು ಪತ್ರ ತಂತ್ರಾಂಶಕ್ಕೂ ಸರ್ವರಿಗೂ ನಡುವೆ ಹಳೆಯ ಕಾಲದ ಜಕಾತಿ ಕಟ್ಟೆಯಂತೆ ನಿಂತು, ಪ್ರತಿಯೊಂದು ಪತ್ರವನ್ನೂ ತಡೆದು ಬಿಚ್ಚಿ ನೋಡಿ ಮುಂದಕ್ಕೆ ಬಿಡುತ್ತದೆ. ಚಿಕ್ಕ ಪತ್ರವಾದರೆ ವಿಳಂಬ ಗೊತ್ತಾಗುವುದೇ ಇಲ್ಲ. ನಕ್ಷೆ, ಛಾಯಾಚಿತ್ರಗಳಿರುವ 6 ಎಂಬಿ ಲಗತ್ತು ಎಂದಿಟ್ಟುಕೊಳ್ಳೋಣ. ಇ-ಮೇಲಿನಲ್ಲಿ ಸಾಗುವಾಗ ಲಗತ್ತಿನ ಗಾತ್ರ ಸುಮಾರು ಮೂರನೆಯ ಒಂದು ಪಾಲು ಹಿಗ್ಗುವುದರಿಂದ ಅದು 8 ಎಂಬಿ ಆಗುತ್ತದೆ. ಸೆಕೆಂಡಿಗೆ 512 ಕಿಲೋಬಿಟ್ ವೇಗದಲ್ಲಿ ಅದನ್ನು ಕಳುಹಿಸಲು ಎರಡು ನಿಮಿಷಕ್ಕೂ ಮಿಗಿಲಾದ ಸಮಯ ಬೇಕು. ಆಂಟಿವೈರಸ್ ಪತ್ರವನ್ನು ತನ್ನ ವಶಕ್ಕೆ ತೆಗೆದುಕೊಂಡು ನಿಧಾನವಾಗಿ ಸರ್ವರಿಗೆ ಸಾಗಿಸುತ್ತಿರುವಾಗ, ಉತ್ತರಕ್ಕಾಗಿ ಕಾದ ಔಟ್‌ಲುಕ್ ಒಂದೇ ನಿಮಿಷದಲ್ಲಿ ಕೈಚೆಲ್ಲಿ ದೋಷ ಸೂಚನೆ ಕೊಡುತ್ತದೆ. ಅದರಲ್ಲಿ ಮೊದಲೇ ನಿಗದಿಯಾಗಿರುವ ಅವಧಿ ಅಷ್ಟೇ. ಪತ್ರವೇನೋ ಹೋಗಿಬಿಡುತ್ತದೆ. ಅದನ್ನು ತಿಳಿಯದ ತಂತ್ರಾಂಶ ಮತ್ತೆ ಕಳುಹಿಸುತ್ತದೆ. ಪತ್ರಗಳು ಹೀಗೆ ಇಮ್ಮಡಿಯಾಗುವ ಅಪಾಯವನ್ನು ಕ್ರೇಗ್ ಪಾರ್ಟ್ರಿಜ್ ಅವರು 1988ರಲ್ಲಿಯೇ ಬರೆದಿಟ್ಟಿದ್ದರು. ಪತ್ರ ರವಾನೆಯ ನಿಯಮಗಳನ್ನು ನಿರೂಪಿಸುವ 2008ರ ದಾಖಲೆಯು ಪತ್ರದ ಕೊನೆಯ ಸಾಲು ಕಳುಹಿಸಿದ ಮೇಲೆ ಉತ್ತರಕ್ಕಾಗಿ 10 ನಿಮಿಷ ಕಾಯಬೇಕೆಂದು ಹೇಳುತ್ತದೆ.

ಬರುವ ಪತ್ರಗಳಲ್ಲಿಯೂ ಇಂತಹುದೇ ತೊಂದರೆಯುಂಟು. ಪಾಪ್-3 ವಿಧಾನದಲ್ಲಿ ಪತ್ರಗಳನ್ನು ಇಳಿಸಿಕೊಂಡು 'ಕೆಲಸ ಮುಗಿಯಿತು' ಎಂದು ಕ್ರಮವಾಗಿ ತಿಳಿಸಿದ ಮೇಲಷ್ಟೇ ಸರ್ವರ್ ಅವನ್ನು ಅಳಿಸುತ್ತದೆ. ನಡುವೆ ಸಂಪರ್ಕ ಕಡಿದರೆ ಒಂದನ್ನೂ ಅಳಿಸುವುದಿಲ್ಲ. ಪ್ರತಿ ಬೆಳಿಗ್ಗೆ ನಿನ್ನೆಯ ಪತ್ರಗಳೇ ಮತ್ತೆ ಬಂದಿಳಿಯುತ್ತಿದ್ದರೆ ಇದನ್ನು ಶಂಕಿಸಬಹುದು.

ದೋಷ ಎಲ್ಲಿದೆಯೆಂದು ಪತ್ತೆ ಹಚ್ಚಲು ಮೊದಲು ಬ್ರೌಸರಿನಲ್ಲಿ ಅಂಚೆಪೆಟ್ಟಿಗೆ ತೆರೆದು ನೋಡತಕ್ಕದ್ದು. ಅಲ್ಲಿ ಪತ್ರಗಳು ಸರಾಗವಾಗಿ ಬಂದು ಹೋಗುತ್ತಿದ್ದರೆ ಸರ್ವರ್ ನಿರ್ದೋಷಿ. ಬಳಿಕ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಸರ್ವರಿನ ಹೆಸರನ್ನು ಗಮನಿಸಿರಿ. ಅಲ್ಲಿ 127.0.0.1 ಎಂದಿದ್ದರೆ ಅದು ನಿಮ್ಮದೇ ಗಣಕಯಂತ್ರದ ವಿಳಾಸ. ಹಳೆಯ ಕೆಲವು ಆಂಟಿವೈರಸ್‌ಗಳು ಹೀಗೆ ವಿಳಾಸವನ್ನೇ ಬದಲಾಯಿಸುತ್ತಿದ್ದವು. ಅವನ್ನು ತೆಗೆದುಹಾಕಿದ ಮೇಲೂ ಆ ವಿಳಾಸ ಉಳಿದುಬಿಟ್ಟರೆ ಪತ್ರ ವ್ಯವಹಾರ ಪೂರ್ಣ ಸ್ತಬ್ಧವಾಗುತ್ತದೆ. ಸೇವೆ ಒದಗಿಸುವವರು ಕೊಟ್ಟ ಮೂಲ ಹೆಸರನ್ನು ಮತ್ತೆ ಬರೆದರೆ ಸಾಕು. ಎರಡು ಆಂಟಿವೈರಸ್‌ಗಳು ಒಟ್ಟಿಗೆ ಇದ್ದರೆ ಒಂದನ್ನು ತೆಗೆಯಿರಿ. ಹೊಸ ಯಂತ್ರದೊಡನೆ ಬಂದ ಪರೀಕ್ಷಾವಧಿಯದೊಂದು, ಅಂಗಡಿಯಿಂದ ಕೊಂಡದ್ದೊಂದು ಇರುವುದು ಸಾಮಾನ್ಯ.

ಇಷ್ಟಾದರೂ ಸರಿಹೋಗದಿದ್ದಲ್ಲಿ ಆಂಟಿವೈರಸ್‌ನ ಇ-ಮೇಲ್ ಪರಿಶೀಲನೆಯೊಂದನ್ನೇ ನಿಲ್ಲಿಸಿ, ನಿಮ್ಮ ಇನ್ನೊಂದು ವಿಳಾಸಕ್ಕೆ ಲಗತ್ತು ಸಹಿತ ಪತ್ರ ಕಳುಹಿಸಿ ನೋಡಿರಿ. ಇಡೀ ಆಂಟಿವೈರಸ್ಸನ್ನು ನಿಲ್ಲಿಸುವುದು ಸರ್ವಥಾ ಕೂಡದು. ಅವಸರದಲ್ಲಿ ನಮ್ಮವರು ಮಾಡುವ ತಪ್ಪು ಇದೇ. ಪತ್ರ ಸಲೀಸಾಗಿ ಹೋದರೆ ಕಾರಣ ಸಿಕ್ಕಿತು. ಆಗ ಕಾಯುವ ಅವಧಿಯನ್ನು ಕೆಲವು ನಿಮಿಷಗಳಿಗೆ ಏರಿಸಬಹುದು, ಅಥವಾ ಆ ಪರಿಶೀಲನೆಯನ್ನು ಕಾಯಂ ಆಗಿ ನಿಲ್ಲಿಸಬಹುದು. ಎರಡನೆಯದಕ್ಕೆ ಹೆದರಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಲಗತ್ತನ್ನು ತೆರೆಯುವ ಅಥವಾ ಉಳಿಸುವ ಕ್ಷಣದಲ್ಲಿ ಕಡತಗಳ ಮೇಲಿನ ಕಾವಲು ಅದನ್ನು ಹೇಗೂ ಪರೀಕ್ಷಿಸುತ್ತದೆ. ಆ ಕಾವಲು ಚಾಲ್ತಿಯಲ್ಲಿದೆಯೆಂದು ಖಚಿತಪಡಿಸಿಕೊಂಡರೆ ಸಾಕು.

ಪ್ರಮಾಣಪತ್ರ ಸರಿಯಿಲ್ಲವೆಂಬ ಎಚ್ಚರಿಕೆಯ ವಿಷಯ ಬೇರೆ. ಗೂಢಲಿಪಿಯಲ್ಲಿ ಬರುವ ಪತ್ರವನ್ನು ಓದಲು ಆಂಟಿವೈರಸ್ ಸರ್ವರಿನ ಪ್ರಮಾಣಪತ್ರದ ಜಾಗದಲ್ಲಿ ತನ್ನದನ್ನು ಮುಂದೊಡ್ಡುತ್ತದೆ. ಥಂಡರ್‌ಬರ್ಡ್ ಅದನ್ನು ತಿರಸ್ಕರಿಸುವುದುಂಟು. ಎಚ್ಚರಿಕೆಯ ವಿವರಗಳಲ್ಲಿ ನಿಮ್ಮ ಆಂಟಿವೈರಸ್‌ನ ಹೆಸರು ಕಂಡರೂ ಸರಿಯೆ, ಕೂಡಲೇ ಒಪ್ಪಿಗೆ ಕೊಡದೆ ಇ-ಮೇಲ್ ಪರಿಶೀಲನೆಯನ್ನು ನಿಲ್ಲಿಸಿ ನೋಡಿರಿ. ಎಚ್ಚರಿಕೆ ಹಾಗೆಯೇ ಉಳಿದರೆ ನಡುವೆ ಬೇರೆ ಯಾರೋ ಇರಬಹುದು, ಗುಪ್ತಪದವನ್ನು ಕೊಡಬೇಡಿರಿ.

ಎಲ್ಲಕ್ಕಿಂತ ಗಾಬರಿ ಹುಟ್ಟಿಸುವುದು, ಇನ್‌ಬಾಕ್ಸ್ ಇದ್ದಕ್ಕಿದ್ದಂತೆ ಬರಿದಾಗುವುದು. ಥಂಡರ್‌ಬರ್ಡ್ ಸಾಮಾನ್ಯವಾಗಿ ಇಡೀ ಇನ್‌ಬಾಕ್ಸನ್ನು ಒಂದೇ ಕಡತದಲ್ಲಿ ಇಡುತ್ತದೆ. ಅದರಲ್ಲಿ ಒಂದು ಪತ್ರದಲ್ಲಿ ವೈರಸ್ ಕಂಡರೂ ಆಂಟಿವೈರಸ್ ಕಡತವನ್ನೇ ಎತ್ತಿ ಪ್ರತ್ಯೇಕವಾಸಕ್ಕೆ ತಳ್ಳಬಹುದು. ಐದು ವರ್ಷದ ದರಪಟ್ಟಿ, ಆದೇಶ, ಬಾಕಿ ವಿವರಗಳೆಲ್ಲ ಅದರೊಡನೆ ಹೋಗುತ್ತವೆ. ಆಗ 'ಅಳಿಸು' ಎಂಬುದನ್ನು ಮಾತ್ರ ಒತ್ತಬಾರದು. ಪತ್ರ ತಂತ್ರಾಂಶವನ್ನು ಮುಚ್ಚಿ, ಪತ್ರಗಳಿರುವ ಫೋಲ್ಡರನ್ನು ಆಂಟಿವೈರಸ್‌ನ ವಿನಾಯಿತಿ ಪಟ್ಟಿಗೆ ಸೇರಿಸಿ, ಪ್ರತ್ಯೇಕವಾಸದಿಂದ ಕಡತವನ್ನು ಹಿಂದಕ್ಕೆ ಪಡೆಯಬೇಕು. ನಂತರ ಸೋಂಕಿನ ಪತ್ರವನ್ನು ತೆರೆಯದೆ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಫೋಲ್ಡರನ್ನು 'ಕಾಂಪ್ಯಾಕ್ಟ್' ಮಾಡತಕ್ಕದ್ದು. ಅದನ್ನು ಮಾಡುವವರೆಗೂ ಅಳಿಸಿದ ಪತ್ರ ಕಡತದೊಳಗೇ ಉಳಿದಿರುತ್ತದೆ. ಔಟ್‌ಲುಕ್‌ನ ಪತ್ರ ಕಡತಗಳನ್ನೂ ಕಡತ ಪರಿಶೀಲನೆಯಿಂದ ಹೊರಗಿಡಬೇಕೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಸಲಹೆ ಮಾಡಿದೆ.

ಇನ್ನು ಇಮ್ಮಡಿ ಆದೇಶದ ವಿಚಾರ. ಪ್ರತಿಯೊಂದು ಆದೇಶದ ಸಂಖ್ಯೆ ಮತ್ತು ದಿನಾಂಕವನ್ನು ಪತ್ರದ ವಿಷಯ ಸಾಲಿನಲ್ಲಿಯೇ ನಮೂದಿಸುವುದನ್ನು ಗುಮಾಸ್ತರಿಗೆ ರೂಢಿ ಮಾಡಿಸಿರಿ. ಒಂದೇ ಸಂಖ್ಯೆಯ ಎರಡು ಪತ್ರ ಬಂದಾಗ ಮಾಲು ಕಳುಹಿಸುವವರು ಒಮ್ಮೆ ದೂರವಾಣಿಯಲ್ಲಿ ವಿಚಾರಿಸಿಯಾರು.