15 ಅಡಿ ಅಗಲದ ಲೆಕ್ಕ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ 30×40 ಸೈಟನ್ನು ಅಣ್ಣತಮ್ಮಂದಿರು ಉದ್ದಕ್ಕೆ ಸೀಳಿ ಪಾಲು ಮಾಡಿಕೊಂಡರೆ 15×40ರ ಎರಡು ತುಂಡಾಗುತ್ತದೆ. ಅಂಥ ಅರ್ಧ ಸೈಟು ಮಾರಾಟಕ್ಕೆ ಬಂದಾಗ ಬ್ರೋಕರ್ ಬಾಯಲ್ಲಿ ಬರುವುದು ಚದರಡಿ ದರ: 'ಏರಿಯಾ ರೇಟಿಗಿಂತ ಕಮ್ಮಿಗೆ ಸಿಗ್ತಿದೆ, ಬಿಡಬೇಡಿ ಸಾರ್.' ಈ ಅಂಕಣಕಾರ ಮೊದಲು ನೋಡುವುದು ಅಗಲ.

ಕಾಮಾಕ್ಷಿಪಾಳ್ಯದ ಅಡ್ಡರಸ್ತೆಯೊಂದರ ಅಂಥ ಸೈಟಿಗೆ ಅವನು ಮೇಸ್ತ್ರಿಯನ್ನೂ ಕರೆದೊಯ್ದಿದ್ದ. ಟೇಪು ಹಿಡಿದರೆ ಮುಂದೆ 15 ಅಡಿ, ಹಿಂದೆ ಅರ್ಧ ಅಡಿ ಕಮ್ಮಿ; ಪಕ್ಕದ ಮನೆಯ ಪಾಯ ಇತ್ತ ಚಾಚಿತ್ತು. ಮೇಸ್ತ್ರಿ ಇಟ್ಟಿಗೆ ಚೂರಿನಿಂದ ನೆಲದ ಮೇಲೆ ಗೆರೆ ಎಳೆದರು. ಎರಡೂ ಬದಿಗೆ ಒಂಬತ್ತಿಂಚಿನ ಗೋಡೆ, ಒಂದೂವರೆ ಅಡಿ ಹೋಯಿತು. ಒಂದು ಪಕ್ಕ ಗಾಳಿಬೆಳಕಿಗೆ ಮೂರಡಿ ಬಿಟ್ಟರೆ ಉಳಿದದ್ದು ಹತ್ತೂವರೆ. ಮೆಟ್ಟಿಲು ಬರುವ ಕಡೆ ಕೋಣೆ ಏಳೂವರೆ ಅಡಿ! ಮಂಚ ಹಾಕಿದರೆ ಬೀರುವಿನ ಬಾಗಿಲು ತೆರೆಯುವುದು ಕಷ್ಟ. ಬದಿ ಬಿಡದೆ ಕಟ್ಟಿದರೆ ನಡುಮನೆಗೆ ಹಗಲಲ್ಲೂ ದೀಪ ಬೇಕು. ಬಾಡಿಗೆಗೆ ಬರುವವರು ನೋಡುವುದು ಈ ಒಳಜಾಗವನ್ನೇ. ಹಾಗಾಗಿ ಇಂಥ ಸೈಟಿನ ಬೆಲೆಯನ್ನು ಬರಬಹುದಾದ ಬಾಡಿಗೆಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಪಕ್ಕದ 30×40ರ ರೇಟು ಇಲ್ಲಿ ಕೆಲಸಕ್ಕೆ ಬರದು.

ಕಾಗದಪತ್ರದ ತೊಡಕು ಇನ್ನೂ ದೊಡ್ಡದು. ಪಾಲುಪತ್ರ ನೋಂದಣಿಯಾಗಿದ್ದರೂ ಖಾತೆ ಜಂಟಿಯಾಗಿಯೇ ಉಳಿದಿರಬಹುದು. ಸೈಟು ಒಡೆದದ್ದಕ್ಕೆ ಅನುಮತಿ ಇಲ್ಲದಿದ್ದರೆ ನಕ್ಷೆ ಮಂಜೂರಾತಿಯೂ ಕಷ್ಟ, ಬ್ಯಾಂಕ್ ಸಾಲವೂ ಕಷ್ಟ. ಇ-ಖಾತಾ ಎಷ್ಟು ಅಳತೆಗಿದೆ, ಕ್ರಯಪತ್ರದ ಚೆಕ್ಕುಬಂದಿ ಸ್ಥಳಕ್ಕೆ ತಾಳೆಯಾಗುತ್ತದೆಯೇ ಎಂಬುದನ್ನು ಮುಂಗಡಕ್ಕೆ ಮೊದಲೇ ನೋಡಿಕೊಳ್ಳಬೇಕು.

ಖರ್ಚೂ ಕಡಿಮೆಯಲ್ಲ. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 7.6. ಅಂದರೆ 60 ಲಕ್ಷದ ಸೈಟಿಗೆ 4.56 ಲಕ್ಷ. ಸಾಲ ಮಾಡಿ ಕೊಂಡರೆ, ಮನೆ ಕಟ್ಟಿ ಮುಗಿಯುವವರೆಗೆ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಕಡಿತ ಸಿಗುವುದಿಲ್ಲ.

ಇಂಥ ತುಂಡಿಗೆ ಒಳ್ಳೆಯ ಬೆಲೆ ಕೊಡಬಲ್ಲವರು ಪಕ್ಕದ ಅರ್ಧದವರು. ಎರಡೂ ಸೇರಿದರೆ ಅವರಿಗೆ ಮತ್ತೆ ಪೂರ್ತಿ 30×40 ಆಗುತ್ತದೆ. ಅವರೇ ಯಾಕೆ ಕೊಂಡಿಲ್ಲ ಎಂದು ವಿಚಾರಿಸಲೇಬೇಕು. ಕಾಮಾಕ್ಷಿಪಾಳ್ಯದ ಆ ಪಕ್ಕದ ಮನೆಯ ಯಜಮಾನರು ಮುಚ್ಚುಮರೆಯಿಲ್ಲದೆ ಹೇಳಿದರು: 'ಹಿಂದಿನ ಗೋಡೆ ವಿಷಯ ಕೋರ್ಟಲ್ಲಿದೆ ಸಾರ್, ಅದು ಮುಗಿಯೋವರೆಗೂ ನಾವೂ ತಗೊಳ್ಳಲ್ಲ.' ಬ್ರೋಕರ್ ತೋರಿಸಿದ್ದ ಇಸಿಯಲ್ಲಿ ಇದರ ಸುಳಿವೇ ಇರಲಿಲ್ಲ. ನಡೆಯುತ್ತಿರುವ ದಾವೆ ಅದರಲ್ಲಿ ಸಾಮಾನ್ಯವಾಗಿ ಕಾಣುವುದೂ ಇಲ್ಲ.